ಶಾಂತಾಬಾಯಿಯವರ ಮನೆಯ ಹೆಪ್ಪು

ಶಾಂತಾಬಾಯಿಯವರು ಲಗ್ನವಾಗಿ ಬೈಲಹೊಂಗಲಕ್ಕೆ ಬಂದು ಮೂವತ್ತೆಂಟು ವರ್ಷ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ದಿನ ಅವರು ಮತ್ತೊಬ್ಬರ ಮನೆಯಿಂದ ಹೆಪ್ಪು ತಂದು ಹಾಲಿಗೆ ಹಾಕಿದವರಲ್ಲ. ಇದನ್ನು ಅವರು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಸವದತ್ತಿಯ ತವರಿನಿಂದ ಬಟ್ಟಲಲ್ಲಿ ತಂದ ಮೊಸರಂತೆ ಅದು. ಇಂದಿನ ಮೊಸರಿನ ಒಂದು ಚಮಚ ನಾಳಿನ ಹಾಲಿಗೆ, ನಾಳಿನದು ನಾಡಿದ್ದಿಗೆ, ಹೀಗೆ ಸಾಲು ಕಡಿಯದೆ ನಡೆದು ಬಂದದ್ದು.

"ನಮ್ಮ ಮೊಸರು ಅಂದ್ರ ಚಾಕೂಲೆ ಕೊಯ್ಯಬೇಕು, ಹಂಗಿರತದ," ಎನ್ನುವರು. "ಕಿತ್ತೂರಿನ ಲೀಲಾಬಾಯಿ ಮನ್ಯಾಗ ಉಂಡು ಬಂದೀನಲ್ಲ. ಮೊಸರಂತ ಬಡಿಸಿದ್ಲು. ಅದರಾಗ ಮಾರಿ ನೋಡಿಕೋಬಹುದಿತ್ತು."

ಇಂಥ ಮಾತಿಗೆ ಗಂಡ ಪಾಂಡುರಂಗರಾಯರು ತಲೆ ಆಡಿಸುವರು. ಕೋರ್ಟಿನಲ್ಲಿ ಕಾರಕೂನರಾಗಿ ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಕೆಲಸ ಅದೊಂದೇ. ಒಬ್ಬನೇ ಮಗ ಬಾಳಕೃಷ್ಣ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತ. ಅಂಗಡಿಯಲ್ಲಿ ಕೂತಾಗ ಹಮಾಲರ ಮೇಲೆ, ಹತ್ತಿ ತಂದ ರೈತರ ಮೇಲೆ ಅವನ ದನಿ ಮಾರ್ಕೆಟ್ಟಿನ ಆ ತುದಿಗೂ ಕೇಳುತ್ತಿತ್ತು. ಮನೆಯ ಹೊಸ್ತಿಲು ದಾಟಿ ಅವ್ವನ ಎದುರು ನಿಂತರೆ ಆ ದನಿ ಎಲ್ಲಿ ಅಡಗುತ್ತಿತ್ತೋ ದೇವರೇ ಬಲ್ಲ. ಅವನ ಹೆಂಡತಿ ನರ್ಮದಾ ರಾಮದುರ್ಗದವಳು. ಮಗಳು ವತ್ಸಲಾ, ಏಳು ವರ್ಷದವಳು, ಎಲ್ಲರ ಬಾಯಲ್ಲಿ ವಚ್ಚಿ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಈ ವಚ್ಚಿಗೆ ಟೈಫಾಯಿಡ್ ಆಯಿತು. ಹಣಮಂತಪ್ಪ ಡಾಕ್ಟರು ಹದಿನಾಲ್ಕು ದಿನದ ಕ್ಯಾಪ್ಸೂಲು ಬರೆದುಕೊಟ್ಟರು. ದಿನಕ್ಕೆ ನಾಲ್ಕು ಸಲ. ನುಂಗಲು ಬಾರದ ಹುಡುಗಿ. ನರ್ಮದಾ ಪ್ರತಿ ಸಲ ಅದನ್ನು ಬಿಡಿಸಿ, ಒಳಗಿನ ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ, ಅರ್ಧ ತಾಸು ಪುಸಲಾಯಿಸಿ ನೆಕ್ಕಿಸುತ್ತಿದ್ದಳು. ಪುಡಿ ಎಂದರೆ ಅಂಥಿಂಥ ಕಹಿಯಲ್ಲ, ಬೆರಳಿಗೆ ಹತ್ತಿದ್ದು ಮರುದಿನದ ತುತ್ತಿಗೂ ಹತ್ತುವಂಥದ್ದು. ಎಂಟು ದಿನಕ್ಕೆ ಜ್ವರ ಇಳಿಯಿತು. ಕ್ಯಾಪ್ಸೂಲು ಮಾತ್ರ ಪೂರಾ ಮುಗಿಸಬೇಕು, ನಡುವೆ ಬಿಡಕೂಡದು ಎಂದು ಡಾಕ್ಟರರ ತಾಕೀತು.

ಒಂಬತ್ತನೆಯ ದಿನ ನರ್ಮದಾ ಹೊರಗಾದಳು. ಆ ಮನೆಯಲ್ಲಿ ಹೊರಗಾದವಳು ಹಿತ್ತಲಿನ ಖೋಲಿಯಲ್ಲಿ ಮೂರು ದಿನ ಕೂಡಬೇಕು. ಮಗುವಿಗೆ ಜ್ವರವಿರಲಿ, ಮನೆಗೆ ಬೆಂಕಿ ಬೀಳಲಿ, ಒಳಗೆ ಕಾಲಿಡುವಂತಿಲ್ಲ. ಅದೇ ಮಧ್ಯಾಹ್ನ ಶಾಂತಾಬಾಯಿಯವರು ಗುಡಿಯಲ್ಲಿ ಪುರಾಣ ಕೇಳಲು ಹೋದರು. ಔಷಧ ಕೊಡುವ ಕೆಲಸ ಬಾಳಕೃಷ್ಣನ ಪಾಲಿಗೆ ಬಂತು.

ಹಿತ್ತಲಿನಿಂದ ನರ್ಮದಾ ಕೂಗಿ ಹೇಳಿದಳು: "ಜೇನುತುಪ್ಪದಾಗ ಕಲಸಿ ಕೊಡ್ರಿ. ಸಾವಕಾಶ ಕೊಡ್ರಿ."

"ನನಗ ಗೊತ್ತದ. ನೀ ಸುಮ್ಮ ಕೂಡು," ಎಂದ ಬಾಳಕೃಷ್ಣ.

ಜೇನುತುಪ್ಪದ ಸೀಸೆ ಎಲ್ಲಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅಡಿಗೆಮನೆಯ ಯಾವ ಡಬ್ಬಿಯಲ್ಲಿ ಏನಿದೆ ಎಂದು ಒಂದು ದಿನ ನೋಡಿದವನಲ್ಲ. ಎದುರಿಗೆ ಕಂಡದ್ದು ಮೊಸರಿನ ಗಡಿಗೆ. ಹುಡುಗಿ ಜ್ವರ ಬಿಟ್ಟಾಗಿನಿಂದ ಮೊಸರು ಮೊಸರು ಎಂದು ಅಳುತ್ತಿದ್ದಳು, ಅಜ್ಜಿ ಕೊಟ್ಟಿರಲಿಲ್ಲ. ದೊಡ್ಡ ಉಪಾಯ ಹೊಳೆದವನಂತೆ ಬಾಳಕೃಷ್ಣ ಒಂದು ವಾಟಿ ಮೊಸರು ತೆಗೆದು, ಪುಡಿ ಕಲಸಿ, ಮಗಳ ಬಾಯಿಗಿಟ್ಟ. ವಚ್ಚಿ ಆಸೆಯಿಂದ ಒಂದು ಗುಟುಕು ಕುಡಿದು, ಎರಡನೆಯದನ್ನು ಮುಖ ಕಿವುಚಿ ವಾಟಿಯಲ್ಲೇ ಉಗುಳಿದಳು.

"ಕಹಿ! ನನಗ ಬ್ಯಾಡ!"

ಬಾಳಕೃಷ್ಣ ವಾಟಿ ನೋಡಿದ. ಮುಕ್ಕಾಲು ಪಾಲು ಹಾಗೇ ಇತ್ತು. ಚೆಲ್ಲಿದರೆ ಗಡಿಗೆಯಲ್ಲಿ ಮೊಸರು ಇಳಿದದ್ದು ಅವ್ವನಿಗೆ ಗೊತ್ತಾಗುತ್ತದೆ. ಶಾಂತಾಬಾಯಿಯವರು ಗಡಿಗೆಯ ಮೊಸರನ್ನು ಬೆರಳಿನ ಅಳತೆಯಲ್ಲಿ ಇಟ್ಟವರು. ಯಾರು ತೆಗೆದರು, ಯಾಕೆ ತೆಗೆದರು, ಸ್ನಾನ ಮಾಡಿದ್ದಿಯಾ, ಮಡಿಯಲ್ಲಿದ್ದಿಯಾ ಎಂದು ರಾತ್ರಿಯ ತನಕ ವಿಚಾರಣೆ. ಅಷ್ಟು ಧೈರ್ಯ ಈ ಗಂಡಸಿಗೆ ಎಲ್ಲಿಯದು? ವಾಟಿಯಲ್ಲಿದ್ದದ್ದನ್ನು ಗಡಿಗೆಗೆ ಮರಳಿ ಸುರುವಿದ. ಚಮಚದಿಂದ ಕಲಕಿ ಮೇಲೆ ಸಪಾಟು ಮಾಡಿದ. ವಾಟಿ ತೊಳೆದಿಟ್ಟ. ಅವನು ತನ್ನ ಜನ್ಮದಲ್ಲಿ ತೊಳೆದ ಮೊದಲನೆಯ ಪಾತ್ರೆ ಅದು.

"ಯಾರ ಮುಂದೂ ಹೇಳಬ್ಯಾಡ, ಹೂಂ?" ಎಂದು ಮಗಳ ಕೈಗೆ ಪೆಪ್ಪರಮಿಂಟು ಕೊಟ್ಟ.

ಆ ರಾತ್ರಿ ಊಟದಲ್ಲಿ ಪಾಂಡುರಂಗರಾಯರು ಮೊಸರನ್ನ ಬಾಯಿಗಿಟ್ಟು ತಡೆದರು.

"ಮೊಸರು ಯಾಕೋ ಕಹಿ ಹತ್ತತದಲ್ಲ."

"ನಿಮ್ಮ ನಾಲಿಗಿ ಕಹಿ," ಎಂದರು ಶಾಂತಾಬಾಯಿ. "ಮೂವತ್ತೆಂಟು ವರ್ಷದಾಗ ಕಹಿ ಹತ್ತಲಿಲ್ಲ, ಇವತ್ತು ಹತ್ತಿತು. ಪಿತ್ತ ಆಗೇದ ನಿಮಗ. ಉಣ್ಣರಿ ಸುಮ್ಮನ."

ರಾಯರು ಸುಮ್ಮನೆ ಉಂಡರು. ಬಾಳಕೃಷ್ಣ ತನಗೆ ನೆಗಡಿಯಾಗಿದೆ, ಮೊಸರು ಬೇಡ ಎಂದ.

ಶಾಂತಾಬಾಯಿಯವರು ಅದೇ ಗಡಿಗೆಯ ಒಂದು ಚಮಚ ಮೊಸರನ್ನು ಎಂದಿನಂತೆ ಹಾಲಿಗೆ ಹಾಕಿದರು. ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಕೂತಿತ್ತು. ಬೇಸಿಗೆಯ ಸೆಕೆಯಲ್ಲಿ, ನಾಲ್ಕು ತಾಸಿಗೆ ಹುಳಿಯಾಗುವ ಕಾಲದಲ್ಲಿ, ಹಾಲು ಹೆಪ್ಪು ಹಿಡಿದಿಲ್ಲ! ಮರುದಿನ ಮೂರು ಚಮಚ ಹಾಕಿದರು. ಕಹಿ ಇನ್ನಷ್ಟು ಹೆಚ್ಚಿತು. ಹಾಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಹಾಲು ಹಾಕುವ ಮಾಳಪ್ಪನನ್ನು ಕಟ್ಟೆಯ ಮೇಲೆ ನಿಲ್ಲಿಸಿ ಬೈದರು.

"ಹಾಲಿಗೆ ಏನು ಬೆರಸೀಯೋ?"

"ಎಮ್ಮಿ ನಿಮ್ಮ ಮುಂದ ತಂದು ಹಿಂಡಲೇನ್ರಿ ಅವ್ವಾರ? ಇದ ಹಾಲು ಬಾಜೂಮನಿ ದೇವಕ್ಕಗೂ ಹಾಕತೇನಿ. ಅವರ ಮನ್ಯಾಗ ಗಟ್ಟಿ ಮೊಸರಾಗೇತಿ, ಹೋಗಿ ನೋಡ್ರಿ ಬೇಕಾರ."

ಮಾಳಪ್ಪನ ಮೇಲೆ ಹೊರಿಸಲು ಆಗಲಿಲ್ಲ. ಹಾಗಾದರೆ ಇನ್ನು ಯಾರು? ಶಾಂತಾಬಾಯಿಯವರಂಥವರಿಗೆ ಇದು ಕಠಿಣ ಲೆಕ್ಕವೇ ಅಲ್ಲ. ಹಿತ್ತಲಿನ ಬಾಗಿಲಿಗೆ ಬಂದು ನಿಂತರು.

"ನೀ ಒಳಗ ಬಂದಿದ್ದಿ."

"ಇಲ್ಲರಿ ಅತ್ಯಾ. ನಾ ಈ ಕಟ್ಟಿ ಬಿಟ್ಟು ಇಳದಿಲ್ಲ."

"ನಾ ಗುಡಿಗೆ ಹೋದಾಗ ಬಂದಿದ್ದಿ. ಮಗಳು ಅತ್ಲು ಅಂತ ಬಂದಿದ್ದಿ. ನಿನ್ನ ನೆರಳು ಗಡಿಗಿ ಮ್ಯಾಲೆ ಬಿದ್ದದ. ಇಲ್ಲಂದ್ರ ನನ್ನ ಹೆಪ್ಪು ಸಾಯೂದಿಲ್ಲ."

"ನಿಮ್ಮ ಮಗನ್ನ ಕೇಳ್ರಿ. ಅವರು ಮನ್ಯಾಗಿದ್ರು."

ಬಾಳಕೃಷ್ಣ ನಡುಮನೆಯಲ್ಲಿ ಕನ್ನಡಿಯ ಮುಂದೆ ನಿಂತು ತಲೆ ಬಾಚುತ್ತಿದ್ದ.

"ಏನೋ ಬಾಳೂ, ಬಂದಿದ್ಲೇನು ಈಕಿ ಒಳಗ?"

"ನಾ ನೋಡಿಲ್ಲವ್ವ," ಎಂದ ಬಾಳಕೃಷ್ಣ. "ನಾ ವಚ್ಚಿಗೆ ಔಷಧ ಕೊಡೋದರಾಗ ಇದ್ದೆ. ಬಂದಿದ್ರ ಬಂದಿರಬಹುದು."

ಬಂದಿದ್ರ ಬಂದಿರಬಹುದು! ಈ ಮಾತನ್ನು ಹೇಳಿ, ಬೈತಲೆ ಸರಿಮಾಡಿಕೊಂಡು, ಅವಲಕ್ಕಿ ತಿಂದು ಅಂಗಡಿಗೆ ಹೋದ. ಇಂಥವನ ಹೆಸರಿನ ಕುಂಕುಮವನ್ನು ಒಬ್ಬಳು ದಿನಾ ಬೆಳಿಗ್ಗೆ ಹಚ್ಚಿಕೊಳ್ಳಬೇಕು.

ನರ್ಮದಾ ಮೂರು ದಿನ ಮುಗಿಸಿ ಒಳಗೆ ಬರುವ ಹೊತ್ತಿಗೆ ವಚ್ಚಿಯ ಹೊಟ್ಟೆ ಹರಿಯತೊಡಗಿತ್ತು. ದಿನಕ್ಕೆ ಎಂಟು ಸಲ, ಹತ್ತು ಸಲ. ಜ್ವರದಲ್ಲಿ ಉಳಿದಿದ್ದ ಮೈಯೂ ಕರಗಿ, ಲಂಗದ ಲಾಡಿ ಎರಡು ಸುತ್ತು ಬರುವಂತಾಯಿತು. ನರ್ಮದಾ ಡಾಕ್ಟರರನ್ನು ಕರೆತಂದಳು.

ಹಣಮಂತಪ್ಪ ಡಾಕ್ಟರು ಹುಡುಗಿಯ ಹೊಟ್ಟೆ ಮುಟ್ಟಿ ನೋಡಿ ಕೇಳಿದರು: "ಏನೇನು ಕೊಡಾಕ ಹತ್ತೀರಿ?"

"ಸಾಬೂದಾಣಿ ಗಂಜಿ, ಚಹಾ, ಬಿಸ್ಕೀಟು," ಎಂದರು ಶಾಂತಾಬಾಯಿ.

"ಮೊಸರು? ಮಜ್ಜಿಗಿ?"

"ಮೊಸರು ಥಂಡಿರಿ ಡಾಕ್ಟರ್. ಬ್ಯಾನಿ ಬಿದ್ದ ಕೂಸಿಗೆ ಯಾರು ಮೊಸರು ಕೊಡತಾರ?"

"ಬುದ್ಧಿ ಇದ್ದವರು ಕೊಡತಾರ," ಎಂದರು ಡಾಕ್ಟರು. "ನೋಡ್ರಿ ಬಾಯಾರ, ನಮ್ಮ ನಿಮ್ಮ ಎಲ್ಲಾರ ಕರುಳಾಗ ಒಳ್ಳೇ ಹುಳ ಇರತಾವ. ಕಣ್ಣಿಗೆ ಕಾಣಂಗಿಲ್ಲ. ಉಂಡದ್ದು ಅರಗಾಕ ಅವೂ ದುಡೀತಾವ, ಕೆಟ್ಟ ಹುಳಕ್ಕ ಜಾಗಾ ಬಿಡಂಗಿಲ್ಲ. ನಾ ಕೊಟ್ಟ ಔಷಧ ಜ್ವರದ ಹುಳಾ ಕೊಂತು, ಅದರ ಜೋಡಿ ಇವನ್ನೂ ಕೊಂತು. ಯಾವ ಕಳ್ಳ, ಯಾವ ಸಂಭಾವಿತ ಅಂತ ಔಷಧಕ್ಕೇನು ಗೊತ್ತು? ಮೊಸರಿನಾಗ ಅಂಥಾ ಒಳ್ಳೇ ಹುಳ ಇರತಾವ. ಕೂಸಿನ ಹೊಟ್ಟಿಗೆ ಅವು ಹೋಗಲಿ."

ಶಾಂತಾಬಾಯಿಯವರ ಮುಖ ನೋಡಬೇಕಿತ್ತು.

"ಮೊಸರಿನಾಗ ಹುಳ?"

"ಲಕ್ಷಗಟ್ಲೆ."

"ನಮ್ಮ ಮನಿ ಮೊಸರಿನಾಗ?"

"ನಿಮ್ಮ ಮನಿ ಮೊಸರು ಭಾಳ ಗಟ್ಟಿ ಅಂತ ಊರೆಲ್ಲಾ ಕೇಳೇನಿ. ಅಂದ್ರ ನಿಮ್ಮದರಾಗ ಇನ್ನಷ್ಟು."

"ಜನಿವಾರದವರ ಮನ್ಯಾಗ ಕೂತು ಆಡೋ ಮಾತೇನ್ರಿ ಇದು? ನಾವು ಬೆಳ್ಳುಳ್ಳಿ ಸಹಿತ ಮುಟ್ಟೂದಿಲ್ಲ, ಹುಳ ತಿಂತೀವಂತ?"

ಡಾಕ್ಟರು ನಕ್ಕರು. "ಮೊಸರು ಬ್ಯಾಡಾದ್ರ ಅದ ಹುಳ ಒಣಗಿಸಿ ಪುಡಿ ಮಾಡಿ ಮಾರತಾರ. ಈ ಊರಾಗ ಸಿಗಂಗಿಲ್ಲ, ಬೆಳಗಾವಿಯಿಂದ ಬರಬೇಕು, ಎಂಟು ದಿನ ಆಗತೈತಿ."

"ಹಂಗಾದ್ರ ಪುಡೀನ ತರಸ್ರಿ," ಎಂದರು ಶಾಂತಾಬಾಯಿ ಸಮಾಧಾನದಿಂದ. "ಔಷಧಕ್ಕ ಮೈಲಿಗಿ ಇಲ್ಲ."

"ಎಂಟು ದಿನ ಹಿಂಗ ಹರದ್ರ ಈ ಕೂಸು ಉಳೀತೈತೋ ಇಲ್ಲೋ ನಾ ಹೇಳಂಗಿಲ್ಲ," ಎಂದು ಡಾಕ್ಟರು ಎದ್ದರು. ಬಾಗಿಲಲ್ಲಿ ನಿಂತಿದ್ದ ನರ್ಮದಾಳಿಗೆ ಮೆಲ್ಲಗೆ ಹೇಳಿದರು: "ತಂಗಿ, ಉಪ್ಪು ಸಕ್ಕರಿ ಹಾಕಿ ಕುದಿಸಿ ಆರಿಸಿದ ನೀರು ತಾಸಿಗೊಮ್ಮಿ ಕುಡಸು. ಔಷಧ ಇನ್ನೆರಡು ದಿನದ್ದೈತಿ, ಬಿಡಬ್ಯಾಡ. ಮೊಸರು ಇವತ್ತಿನಿಂದ ಕೊಡು. ಎಲ್ಲಿಂದರ ತಾ."

ಎಲ್ಲಿಂದ ತರುವುದು? ನರ್ಮದಾ ಅತ್ತೆಯ ಎದುರು ಒಂದೊಂದೇ ಮನೆಯ ಹೆಸರು ಎತ್ತಿದಳು.

"ಜೋಶಿಯವರ ಮನ್ಯಾಗಿಂದ ತರಲ್ಯಾ?"

"ಅವರ ಸೊಸಿ ಬ್ಯಾಂಕಿಗೆ ಹೋಗತಾಳ. ಚಪ್ಪಲಿ ಹಾಕ್ಕೊಂಡ ಅಡಿಗೀಮನಿಗೆ ಬರತಾಳಂತ."

"ಕುಲಕರ್ಣಿಯವರು?"

"ಉಳ್ಳಾಗಡ್ಡಿ ತಿಂತಾರ. ನಾ ವಾಸನಿ ಕಂಡು ಹಿಡದೀನಿ."

"ನೀಲಕಂಠ ಭಟ್ಟರು?"

"ಅವರ ಹೆಂಡತಿ ಯಾವಾಗ ಸ್ನಾನ ಮಾಡತಾಳ, ಯಾವಾಗ ಇಲ್ಲ ಅನ್ನೂದು ಆಕೀಗೇ ನೆನಪಿರೂದಿಲ್ಲ."

"ದೇವಕ್ಕನ ಮನಿ ಬಾಜೂಕ ಅದರಿ. ನಾಕ ಹೆಜ್ಜಿ."

ಆ ಹೆಸರಿಗೇ ಶಾಂತಾಬಾಯಿ ಸೆರಗು ಎತ್ತಿ ಹಿಡಿದರು. ದೇವಕ್ಕ ಲಿಂಗಾಯತರವಳು, ಅವಳ ಗಂಡ ಸೋಮಪ್ಪ ಶೇಂಗಾ ವ್ಯಾಪಾರಿ. ಮಾಳಪ್ಪ ಕುರುಬ, ಅವನು ತನ್ನ ಕೈಯಾರೆ ಹಿಂಡಿ, ತನ್ನ ಚರಿಗೆಯಲ್ಲಿ ತಂದ ಹಾಲು ಈ ಮನೆಗೆ ನಡೆಯುತ್ತದೆ. ಅದೇ ಎಮ್ಮೆಯ ಅದೇ ಹಾಲು ದೇವಕ್ಕನ ಮನೆಯಲ್ಲಿ ಒಂದು ರಾತ್ರಿ ಕಳೆದು ಮೊಸರಾದರೆ ನಡೆಯುವುದಿಲ್ಲ. ಹಾಲಿಗಿಲ್ಲದ ಜಾತಿ ಮೊಸರಿಗೆ ಯಾವ ತಾಸಿನಲ್ಲಿ ಹತ್ತುತ್ತದೆ ಎಂದು ಶಾಂತಾಬಾಯಿಯವರನ್ನು ಕೇಳುವವರಾರು?

ಕಡೆಗೆ ಅವರದೇ ತೀರ್ಮಾನವಾಯಿತು: ಬಾಳಕೃಷ್ಣ ಬಸ್ಸು ಹಿಡಿದು ಸವದತ್ತಿಗೆ ಹೋಗಿ, ಅವ್ವನ ತವರಿನಿಂದ ಹೆಪ್ಪು ತರುವುದು. ಚಮಚ ಮೊಸರಿಗೆ ಒಂದು ದಿನದ ರಜೆ! ಬೆಳಿಗ್ಗೆ ಹಿತ್ತಾಳೆಯ ಗಿಂಡಿ ಹಿಡಿದು ಹೋದವನು ಸಂಜೆ ಬಿಸಿಲಿಗೆ ಬೆಂದು ಬಂದ. ಅವನ ಹಿಂದೆಯೇ ಇಳಿದಿದ್ದ ಓಣಿಯ ರಾಮವ್ವ ಕಟ್ಟೆಯ ಮುಂದೆ ಹಾಯುತ್ತ ನಗುತ್ತ ಅಂದಳು:

"ಬಾಳಪ್ಪನವರ, ಆ ಮುದಕನ ಕೋಳಿ ಬುಟ್ಟಿ ಸವದತ್ತಿಯಿಂದ ನಿಮ್ಮ ತೊಡಿ ಮ್ಯಾಲ ಕುಂತು ಬಂತಲ್ಲರಿ!"

ಶಾಂತಾಬಾಯಿ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದರು.

"ಕೋಳಿ ಗಿಂಡಿಗೆ ಹತ್ತಿತೇನು?"

"ಸ್ವಲ್ಪ ಹತ್ತಿರಬಹುದವ್ವ. ಗದ್ದಲಿತ್ತು."

ಮಗಳ ಎಂಜಲನ್ನು ಗಡಿಗೆಯಲ್ಲಿ ಮುಚ್ಚಿಟ್ಟ ಮಹಾಶಯ ಕೋಳಿಯ ವಿಷಯದಲ್ಲಿ ಸತ್ಯ ನುಡಿದ! ಸಾಕ್ಷಿ ಬಾಗಿಲಲ್ಲಿ ನಿಂತಾಗ ಇಂಥವರಿಗೆ ಸತ್ಯ ಬಹಳ ಸಲೀಸಾಗಿ ಬರುತ್ತದೆ. ಶಾಂತಾಬಾಯಿ ಗಿಂಡಿಯನ್ನು ಅಂಗಳದ ತೆಂಗಿನ ಬುಡಕ್ಕೆ ಸುರುವಿಸಿದರು. ನರ್ಮದಾ ಒಳಗಿನಿಂದ ಅದನ್ನು ನೋಡಿದಳು. ಆ ದಿನ ವಚ್ಚಿಗೆ ಹನ್ನೊಂದು ಸಲ ಆಗಿತ್ತು. ಕರೆದರೆ ಕಣ್ಣು ತೆರೆಯುವಳು, ಮಾತಾಡುತ್ತಿರಲಿಲ್ಲ.

ಮರುದಿನ ಹತ್ತು ಗಂಟೆಗೆ, ಅತ್ತೆ ಪೂಜೆಗೆ ಕೂತಾಗ, ನರ್ಮದಾ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ದೇವಕ್ಕನ ಮನೆಯ ಮೆಟ್ಟಿಲು ಹತ್ತಿದಳು.

ದೇವಕ್ಕ ಜೋಳ ಹಸನು ಮಾಡುತ್ತಿದ್ದಳು. ಎದ್ದು ನಿಂತವಳು ಕುಟುಕದೆ ಬಿಡಲಿಲ್ಲ.

"ಏನ್ ಬಾಯಾರ, ದಾರಿ ತಪ್ಪಿ ಬಂದ್ರೇನು? ನಿಮ್ಮ ಅತ್ತಿ ಇಪ್ಪತ್ತು ವರ್ಷದಿಂದ ನನ್ನ ಕಂಡ್ರ ಸೀರಿ ಸೆರಗು ಎತ್ತಿ ಹಿಡಕೊಂಡು ಹೋಗತಾರ. ನೀವು ನನ್ನ ಪಡಸಾಲಿಗೆ ಬಂದ್ರೆಲ್ಲ."

"ದೇವಕ್ಕ, ನನಗ ಒಂದು ವಾಟಿ ಮೊಸರು ಬೇಕು. ಕೂಸಿಗೆ. ಔಷಧ ಹೊಟ್ಟ್ಯಾಗಿನ ಒಳ್ಳೇ ಹುಳಾನೂ ಕೊಂದದಂತ, ಮೊಸರಿನಾಗ ಅವು ಇರತಾವಂತ, ಡಾಕ್ಟರು ಹೇಳ್ಯಾರ."

ದೇವಕ್ಕ ಹುಡುಗಿಯ ಮುಖ ನೋಡಿದಳು. ಚುಚ್ಚುಮಾತು ಅಲ್ಲಿಗೆ ನಿಂತಿತು. "ಯವ್ವಾ, ಈ ಕೂಸಿಗೆ ಏನಾಗೇತಿ! ಕುಂಡರ್ರಿ ಇಲ್ಲೆ," ಎಂದು ಒಳಗೆ ಓಡಿ, ಮೊಸರು ಕಡೆದು ನೀರು ಉಪ್ಪು ಬೆರೆಸಿ ತಂದಳು. ವಚ್ಚಿ ಲೋಟ ನೋಡಿ ತುಟಿ ಬಿಗಿ ಹಿಡಿದಳು.

"ಕುಡಿಯವ್ವ. ಯಾಕ?"

"ಕಹಿ ಇರತದ."

"ಮಜ್ಜಿಗಿ ಕಹಿ ಇರತೈತೇನ ಹುಚ್ಚಿ?"

"ಅಪ್ಪ ಕೊಟ್ಟಿದ್ದು ಇತ್ತು," ಎಂದಳು ವಚ್ಚಿ ಕ್ಷೀಣವಾಗಿ. "ಪುಡಿ ಹಾಕಿ ಕೊಟ್ಟ. ನಾ ಉಗುಳಿದೆ. ಅಪ್ಪ ಗಡಿಗ್ಯಾಗ ತಿರುಗಿ ಹಾಕಿದ. ಯಾರ ಮುಂದೂ ಹೇಳಬ್ಯಾಡ ಅಂದ."

ದೇವಕ್ಕನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು.

"ಮಡಿ ಗಡಿಗ್ಯಾಗ ಎಂಜಲಾ! ಶಿವನ! ಅಲ್ಲ ಬಾಯಾರ, ಹುಳ ಕೊಲ್ಲೋ ಔಷಧ ಹಾಕಿದ್ರ ಹೆಪ್ಪು ಬದುಕತೈತೇನ್ರಿ?"

"ಅದಕ್ಕ ಸತ್ತದ," ಎಂದಳು ನರ್ಮದಾ. "ನನ್ನ ನೆರಳಿಗಲ್ಲ."

ವಚ್ಚಿ ನಾಲಿಗೆಯ ತುದಿಯಿಂದ ಮುಟ್ಟಿ ನೋಡಿ, ಕಹಿ ಇಲ್ಲವೆಂದು ಖಾತ್ರಿಯಾದ ಮೇಲೆ ಅರ್ಧ ಲೋಟ ಕುಡಿದಳು. ಮನೆಗೆ ಹೊರಟಾಗ ದೇವಕ್ಕ ಒಂದು ವಾಟಿ ತುಂಬ ಮೊಸರು ಕೊಟ್ಟಳು. ನರ್ಮದಾ ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ, ಓಣಿಗೆಲ್ಲ ಕಾಣುವಂತೆ ಕೈಯಲ್ಲಿ ಹಿಡಿದು ತಂದಳು. ಅಡಿಗೆಮನೆಗೆ ಹೋಗಿ, ಸತ್ತ ಮೊಸರಿನ ಗಡಿಗೆ ಹೊರಗಿಟ್ಟು, ಹೊಸ ಪಾತ್ರೆಯಲ್ಲಿ ಹಾಲು ಹಾಕಿ ಹೆಪ್ಪು ಕಲಸಿದಳು.

ಮಧ್ಯಾಹ್ನ ಅತ್ತೆ, ಮಾವ, ಗಂಡ ಮೂವರೂ ಊಟಕ್ಕೆ ಕೂತಾಗ ಮಾತು ಬಂತು.

"ಯಾರನ್ನ ಕೇಳಿ ತಂದಿ?" ಎಂದರು ಶಾಂತಾಬಾಯಿ. "ಮೂವತ್ತೆಂಟು ವರ್ಷದ ಅಡಿಗೀಮನಿ ಇದು. ಒಂದು ದಿನ ಕೆಡಿಸಿದ್ದಿಲ್ಲ ಯಾರೂ."

"ಕೆಟ್ಟು ಐದು ದಿನ ಆತರಿ ಅತ್ಯಾ. ನಿಮ್ಮ ಮಗನ್ನ ಕೇಳ್ರಿ. ವಚ್ಚಿ ಉಗುಳಿದ ಮೊಸರು ಯಾವ ಗಡಿಗ್ಯಾಗ ಹಾಕಿದ್ರು ಅಂತ ಕೇಳ್ರಿ. ಔಷಧದ ಪುಡಿ ಸಹಿತ."

ಬಾಳಕೃಷ್ಣ ಹುಳಿಯಲ್ಲಿ ಕರಿಬೇವಿನ ಎಲೆ ಹುಡುಕತೊಡಗಿದ.

"ಏನೋ ಬಾಳೂ?"

"ಅವ್ವ, ಅದು... ಸ್ವಲ್ಪ ಇತ್ತು."

ಪಾಂಡುರಂಗರಾಯರು ತುತ್ತು ಕೆಳಗಿಟ್ಟರು. "ಹಂಗಾದ್ರ ಆ ದಿನ ನಾ ಕಹಿ ಅಂದದ್ದು..."

"ನೀವು ಸುಮ್ಮ ಕೂಡ್ರಿ," ಎಂದರು ಶಾಂತಾಬಾಯಿ. "ಅಯ್ಯೋ, ನಾ ಅದನ್ನ ಎರಡು ದಿನ ದೇವರ ನೈವೇದ್ಯಕ್ಕ ಇಟ್ಟೀನಲ್ಲೋ!"

ಈಗ ಏನು ಹೇಳುತ್ತಾರೋ ಎಂದು ನರ್ಮದಾ ನೋಡುತ್ತ ನಿಂತಳು. ಶಾಂತಾಬಾಯಿ ಮಗನ ಬಗ್ಗಿದ ತಲೆ ನೋಡಿ ದನಿ ಇಳಿಸಿ ಅಂದರು:

"ಇರಲಿ ಬಿಡು. ಸಣ್ಣ ಹುಡುಗರ ಎಂಜಲು ಎಂಜಲಲ್ಲ. ಗಂಡಸು ಪಾಪ, ಅವಗೇನು ಗೊತ್ತಾಗತದ."

ಎಂಥ ಶಾಸ್ತ್ರ ನೋಡಿ! ಸೊಸೆಯ ನೆರಳು ಬೀಳದೆಯೂ ಮೈಲಿಗೆ, ಮಗ ಸುರುವಿದ ಎಂಜಲು ಕಣ್ಣೆದುರಿಗಿದ್ದರೂ ಮಡಿ.

"ಹಂಗಾದ್ರ ನನ್ನ ನೆರಳಿನ ಮಾತು ಏನಾತರಿ?" ಎಂದಳು ನರ್ಮದಾ.

ಶಾಂತಾಬಾಯಿ ಅನ್ನ ಕಲಸತೊಡಗಿದರು. ಅವಳು ಮತ್ತೆ ಕೇಳಲಿಲ್ಲ. ಕೇಳಿ ಪಡೆಯುವಂಥದ್ದು ಈ ಜನರ ಹತ್ತಿರ ಏನೂ ಇಲ್ಲ ಎಂದು ಅವಳಿಗೆ ಆ ಹೊತ್ತು ತಿಳಿದುಹೋಯಿತು.

ಅಂದಿನಿಂದ ಹುಡುಗಿಗೆ ಮೂರು ಹೊತ್ತು ಮಜ್ಜಿಗೆ, ಮೆತ್ತಗಿನ ಮೊಸರನ್ನ. ಔಷಧವನ್ನು ನರ್ಮದಾ ಜೇನುತುಪ್ಪದಲ್ಲೇ ಮುಗಿಸಿದಳು. ನಾಲ್ಕನೆಯ ದಿನಕ್ಕೆ ಹೊಟ್ಟೆ ಕಟ್ಟಿತು. ವಾರಕ್ಕೆ ವಚ್ಚಿ "ಹಸಿವ್ಯಾಗೇದ" ಎಂದು ತಾನಾಗಿ ಕೇಳಿದಳು. ಎರಡು ವಾರಕ್ಕೆ ದೇವಕ್ಕನ ಕಟ್ಟೆಯ ಮೇಲೆ ಕುಂಟಲಿಪಿ ಆಡುವಂತಾದಳು. ಹಣಮಂತಪ್ಪ ಡಾಕ್ಟರು ದಾರಿಯಲ್ಲಿ ನೋಡಿ, "ಹುಳ ಹತ್ತಿದಾವು ಬಿಡು!" ಎಂದು ಕೂಗಿದ್ದು ಶಾಂತಾಬಾಯಿಯವರ ಕಿವಿಗೂ ಬಿತ್ತು.

ಶಾಂತಾಬಾಯಿ ಸೋತವರಲ್ಲ. ಆ ಮೊಸರನ್ನು ಮುಟ್ಟುವುದಿಲ್ಲ ಎಂದು ಸಾರಿದರು. ಸವದತ್ತಿಯ ಹೆಪ್ಪು ಸಿಗುವ ತನಕ ಬರೀ ಹುಳಿಯನ್ನ ಉಂಡು ಏಳುತ್ತಿದ್ದರು. ಪಾಂಡುರಂಗರಾಯರು ಮೂರು ದಿನ ಹೆಂಡತಿಯ ಜೊತೆ ಹಾಗೆಯೇ ಉಂಡರು. ನಾಲ್ಕನೆಯ ದಿನ ಮೊಮ್ಮಗಳ ತಾಟಿನಲ್ಲಿ ಬಿದ್ದ ಮೊಸರಿನ ಗಡ್ಡೆ ನೋಡಿ, "ಹಾಕವ್ವ ನನಗೂ," ಎಂದು ಅಂಗೈ ಒಡ್ಡಿದರು. ಹೆಂಡತಿ ನೋಡಿದರೂ ಕೈ ಹಿಂದೆ ತೆಗೆಯಲಿಲ್ಲ. ಆ ಮನೆಯಲ್ಲಿ ಒಬ್ಬ ಗಂಡಸು ಒಂದು ಕೈಯಷ್ಟಾದರೂ ಗಂಡಸಾದ.

ಬಾಳಕೃಷ್ಣ ಅವ್ವನ ಜೊತೆ ಹುಳಿಯನ್ನವನ್ನೇ ಉಣ್ಣುತ್ತಿದ್ದ. ಸುಡು ಬಿಸಿಲು, ಖಾರದ ಹುಳಿ, ಹೊಟ್ಟೆಯಲ್ಲಿ ಉರಿ. ಒಂದು ಭಾನುವಾರ ಅವ್ವ ದೇವರ ಮನೆಯಲ್ಲಿ ಗಂಟೆ ಬಾರಿಸುತ್ತಿದ್ದಾಗ, ಅಡಿಗೆಮನೆಯ ಬಾಗಿಲಿಗೆ ಬಂದು ಪಿಸುಗುಟ್ಟಿದ:

"ನನಗೂ ಒಂದು ವಾಟಿ ಮೊಸರು ತೆಗದಿಡು. ಹಿತ್ತಲದಾಗ ಉಂತೀನಿ. ಅವ್ವಗ ಗೊತ್ತಾಗಬಾರದು."

ನರ್ಮದಾ ಮೊಸರಿನ ಪಾತ್ರೆಯ ಮುಚ್ಚಳ ತೆಗೆದಳು. ಗಂಡನ ಮುಖವನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಆಮೇಲೆ ದೇವರ ಮನೆಗೆ ಕೇಳುವಂತೆ, ಸ್ಪಷ್ಟವಾಗಿ, ಕೂಗಿದಳು:

"ಅತ್ಯಾ, ಇವರಿಗೂ ದೇವಕ್ಕನ ಮನಿ ಹೆಪ್ಪಿನ ಮೊಸರು ಬೇಕಂತರಿ. ಬಡಸಲ್ಯಾ?"

ಗಂಟೆ ನಿಂತಿತು.

"ಇಲ್ಲವ್ವ! ನಾ ಏನೂ ಕೇಳಿಲ್ಲ!" ಎಂದ ಬಾಳಕೃಷ್ಣ, ನಡುಮನೆಯ ಕಡೆಗೆ ಅರ್ಧ ಓಡುತ್ತ. "ಆಕಿ ಸುಳ್ಳ ಹೇಳತಾಳ!"

"ಆತರಿ, ಹಂಗಾದ್ರ ಬ್ಯಾಡ," ಎಂದಳು ನರ್ಮದಾ, ತೆಗೆದ ಮೊಸರನ್ನು ಮಗಳ ತಾಟಿಗೆ ಹಾಕುತ್ತ. "ಉಣ್ಣು ವಚ್ಚಿ. ನಿಧಾನ ಉಣ್ಣು. ಇನ್ನೂ ಅದ."